ಮನೆಯಲ್ಲಿ ಜೋಡಿಸುವ ಗಣಕಯಂತ್ರ

ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಯಂತ್ರವನ್ನು ಬಿಟ್ಟು, ಅದರ ಬಿಡಿಭಾಗಗಳನ್ನು ಕೊಂಡು ತಂದು ಮನೆಯಲ್ಲಿಯೇ ಜೋಡಿಸಿಕೊಳ್ಳುವ ಹವ್ಯಾಸ ರೇಡಿಯೋ ಇಟ್ಟುಕೊಂಡ ಮನೆಗಳಿಗೆ ಹೊಸದೇನಲ್ಲ. ಕಾಯಿಲು, ಕಂಡೆನ್ಸರು, ನಾಲ್ಕಾರು ಟ್ರಾನ್ಸಿಸ್ಟರುಗಳನ್ನು ಒಂದು ಹಲಗೆಯ ಮೇಲೆ ಬೆಸುಗೆ ಹಾಕಿ, ಸಾಬೂನಿನ ಪೆಟ್ಟಿಗೆಯೊಳಗೆ ಕೂಡಿಸಿ, ಅದರಿಂದ ಮೊದಲ ಸಲ ವಾರ್ತೆಯ ಧ್ವನಿ ಹೊರಟಾಗ ಮನೆಮಂದಿಯನ್ನೆಲ್ಲ ಕೂಗಿ ಕರೆದ ಹಿರಿಯರು ನಿಮ್ಮ ಮನೆಯಲ್ಲಿಯೂ ಇದ್ದಿರಬಹುದು. ಈಗ ಅದೇ ಬಗೆಯ ಆಸೆ ಗಣಕಯಂತ್ರದ ವಿಷಯದಲ್ಲಿ ಹುಟ್ಟಿಕೊಂಡಿದೆ. ಮಕ್ಕಳ ಓದಿಗೆ ಕಂಪ್ಯೂಟರು ಬೇಕು; ಸಿದ್ಧಯಂತ್ರದ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ; ಅಷ್ಟರಲ್ಲಿ ಯಾರೋ ಪರಿಚಯದ ಹುಡುಗರು ಬಂದು, "ಇಸ್ಪೀಟಿನ ಎಲೆಯಷ್ಟು ಅಗಲದ ಒಂದು ಹಲಗೆ ಸಿಗುತ್ತದೆ ಸಾರ್, ಅದಕ್ಕೆ ಮನೆಯ ಟೀವಿಯನ್ನೇ ತಗುಲಿಸಿದರೆ ಕಂಪ್ಯೂಟರಾಯಿತು" ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಅರ್ಧವನ್ನು ಮಾತ್ರ ಹೇಳಿರುತ್ತಾರೆ. ಉಳಿದ ಅರ್ಧವನ್ನು ಕುರಿತು ಈ ಹೊತ್ತು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಕನ್ನಡ ಪಂಡಿತನಿಗೂ ಗಣಕಯಂತ್ರಕ್ಕೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ನಂಟುಂಟು. ಈ ಅಗ್ಗದ ಹಲಗೆಯ ಗುಣದೋಷಗಳೆಲ್ಲ ಅಡಗಿರುವುದು ಒಂದು ಭಾಷೆಯ ಪ್ರಶ್ನೆಯಲ್ಲಿ. ಭಾಷೆಯ ಪ್ರಶ್ನೆ ಬಂದಮೇಲೆ ಪಂಡಿತನು ಬಾಯಿ ಹಾಕದೆ ಸುಮ್ಮನಿರುವುದುಂಟೆ?

ಗಣಕದ ನಡುವೆ ಕುಳಿತು ಕೂಡುವ, ಕಳೆಯುವ, ಹೋಲಿಸುವ, ನೆನಪಿನಿಂದ ತೆಗೆಯುವ, ನೆನಪಿಗೆ ಹಾಕುವ ಕೆಲಸಗಳನ್ನು ಮಾಡುವ ಚಿಪ್ಪಿಗೆ ಪ್ರೊಸೆಸರು ಎಂದು ಹೆಸರು. ಕನ್ನಡದಲ್ಲಿ ಇದನ್ನು 'ಸಂಸ್ಕಾರಕ' ಎಂದವರಿದ್ದಾರೆ. ಹೆಸರು ಚೆನ್ನಾಗಿದೆ, ಆದರೆ ನಮ್ಮ ಹುಡುಗರ ಬಾಯಲ್ಲಿ ಅದು ಪ್ರೊಸೆಸರಾಗಿಯೇ ಉಳಿದಿರುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಈ ಪ್ರೊಸೆಸರಿಗೆ ನಾವು ಆಡುವ ಕನ್ನಡವೂ ತಿಳಿಯದು, ಇಂಗ್ಲಿಷೂ ತಿಳಿಯದು. ಅದನ್ನು ಕಟ್ಟಿದವರು ಅದಕ್ಕೆ ಕೆಲವು ನೂರು ಆಜ್ಞೆಗಳನ್ನು ಕಲಿಸಿರುತ್ತಾರೆ. ಒಂದೊಂದು ಆಜ್ಞೆಗೂ ಒಂದೊಂದು ಸಂಖ್ಯಾರೂಪ. ಆ ಆಜ್ಞೆಗಳ ಗುಂಪೇ ಅದರ ಭಾಷೆ. ಒಂದು ವಂಶದ ಪ್ರೊಸೆಸರಿನಲ್ಲಿ 'ಈ ಎರಡನ್ನು ಕೂಡು' ಎಂಬ ಅರ್ಥ ಕೊಡುವ ಸಂಖ್ಯೆ ಇನ್ನೊಂದು ವಂಶದ ಪ್ರೊಸೆಸರಿನಲ್ಲಿ ಬೇರೊಂದು ಅರ್ಥವನ್ನು ಕೊಡಬಹುದು, ಅಥವಾ ಯಾವ ಅರ್ಥವನ್ನೂ ಕೊಡದೆ ಹೋಗಬಹುದು.

ನಮ್ಮ ಕಡೆ ತಿಗಳಾರಿ ಲಿಪಿಯ ತಾಳೆಗರಿಗಳನ್ನು ನೀವು ನೋಡಿರಬಹುದು. ಒಳಗಿರುವುದು ಸಂಸ್ಕೃತವೇ, ನಾಗರಿಯಲ್ಲಿ ಅಚ್ಚಾದ ಪುಸ್ತಕದಲ್ಲಿರುವ ಶ್ಲೋಕಗಳೇ. ಆದರೂ ನಾಗರಿಯನ್ನಷ್ಟೇ ಕಲಿತ ವಿದ್ವಾಂಸನು ಆ ಗರಿಯನ್ನು ಹಿಡಿದು ಮಿಕಿಮಿಕಿ ನೋಡಬೇಕಾಗುತ್ತದೆ. ಗಣಕದ ತಂತ್ರಾಂಶಗಳ ಸ್ಥಿತಿಯೂ ಇದೇ. ಒಂದು ವಂಶದ ಪ್ರೊಸೆಸರಿಗೆಂದು ಸಿದ್ಧಪಡಿಸಿದ ತಂತ್ರಾಂಶವನ್ನು ಇನ್ನೊಂದು ವಂಶದ ಪ್ರೊಸೆಸರಿಗೆ ಕೊಟ್ಟರೆ ಅದು ಓದಲಾರದು. ಯಂತ್ರ ಕೆಟ್ಟಿಲ್ಲ, ತಂತ್ರಾಂಶವೂ ಕೆಟ್ಟಿಲ್ಲ. ಇಬ್ಬರಿಗೂ ಮಾತು ಹೊಂದಲಿಲ್ಲ, ಅಷ್ಟೆ.

ನಾವು ಇಷ್ಟು ವರ್ಷ ಮೇಜಿನ ಮೇಲೆ ಕಂಡ ಗಣಕಗಳು ಬಹುಮಟ್ಟಿಗೆ ಒಂದೇ ವಂಶದವು. ಇಂಟೆಲ್ ಕಂಪನಿಯವರು ೧೯೭೮ರಲ್ಲಿ ೮೦೮೬ ಎಂಬ ಪ್ರೊಸೆಸರನ್ನು ಹೊರತಂದರು. ಅದರ ತಮ್ಮನೆನ್ನಬಹುದಾದ ೮೦೮೮ನ್ನು ಐಬಿಎಂ ಸಂಸ್ಥೆ ೧೯೮೧ರಲ್ಲಿ ತನ್ನ ಪರ್ಸನಲ್ ಕಂಪ್ಯೂಟರಿನಲ್ಲಿ ಬಳಸಿತು. ಅಲ್ಲಿಂದೀಚೆಗೆ ಇಂಟೆಲಿನ ಚಿಪ್ಪಾಗಲಿ, ಎಎಂಡಿಯ ಚಿಪ್ಪಾಗಲಿ, ಮೇಜುಗಣಕಗಳಲ್ಲಿ ಆ ಭಾಷೆಯ ಪರಂಪರೆಯೇ ನಡೆದು ಬಂದಿದೆ. ಎಕ್ಸ್-೮೬ ಎಂದು ಅದನ್ನು ಕರೆಯುತ್ತಾರೆ. ನಿಮ್ಮ ಹುಡುಗರು ತಂದು ತೋರಿಸುವ ಆ ಸಣ್ಣ ಹಲಗೆ ರಾಸ್ಬೆರಿ ಪೈ. ಅದರ ಪ್ರೊಸೆಸರು ಬೇರೆ ವಂಶದ್ದು. ಆರ್ಮ್ ಎಂದು ಅದರ ಹೆಸರು. ಅಪರಿಚಿತವೆಂದು ಹೇಳಿದೆನಾದರೂ ನಿಮ್ಮ ಅಂಗಿಯ ಜೇಬಿನಲ್ಲಿರುವ ಮೊಬೈಲಿನಲ್ಲಿ ಇರುವುದು ಅದೇ. ಮೇಜಿನ ಮೇಲೆ ಮಾತ್ರ ಅದು ನಮಗೆ ಹೊಸಬ.

ಈ ಆರ್ಮ್ ಹುಟ್ಟಿದ ಕಥೆ ರೇಡಿಯೋ ಬಳಗದವರು ಅವಶ್ಯವಾಗಿ ತಿಳಿಯಬೇಕಾದುದು. ಇದರ ಮೂಲದಲ್ಲಿ ಒಂದು ಪ್ರಸಾರಸಂಸ್ಥೆಯಿದೆ. ಗಣಕವೆಂದರೇನೆಂಬುದನ್ನು ಸಾಮಾನ್ಯ ಜನರಿಗೆ ಕಲಿಸಬೇಕೆಂದು ಬ್ರಿಟನ್ನಿನ ಬಿಬಿಸಿ ಒಂದು ಯೋಜನೆಯನ್ನು ಹಾಕಿಕೊಂಡಿತು. ಪಾಠಕ್ಕೆ ತಕ್ಕ ಯಂತ್ರವನ್ನು ಮಾಡಿಕೊಡುವ ಕೆಲಸ ಕೇಂಬ್ರಿಜ್ ಪಟ್ಟಣದ ಏಕಾರ್ನ್ ಎಂಬ ಚಿಕ್ಕ ಕಂಪನಿಗೆ ದೊರೆಯಿತು. ೧೯೮೧ರ ಡಿಸೆಂಬರಿನಲ್ಲಿ ಬಿಬಿಸಿ ಮೈಕ್ರೋ ಹೊರಬಂದು ಅಲ್ಲಿನ ಶಾಲೆಗಳನ್ನೆಲ್ಲ ಹೊಕ್ಕಿತು. ಮುಂದಿನ ಯಂತ್ರಕ್ಕೆ ಇನ್ನೂ ಚುರುಕಾದ ಪ್ರೊಸೆಸರು ಬೇಕಾದಾಗ ಪೇಟೆಯಲ್ಲಿದ್ದ ಯಾವುದೂ ಅವರ ಮನಸ್ಸಿಗೆ ಬರಲಿಲ್ಲ. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಎಂಬ ಇಬ್ಬರು ೧೯೮೩ರಲ್ಲಿ ಅಮೆರಿಕಕ್ಕೆ ಹೋಗಿ, ಅರಿಜೋನಾದಲ್ಲಿ ಕೆಲವೇ ಮಂದಿ ಒಂದು ಬಂಗಲೆಯಲ್ಲಿ ಕುಳಿತು ಪ್ರೊಸೆಸರು ರಚಿಸುತ್ತಿದ್ದುದನ್ನು ಕಂಡು, 'ಇವರಿಗೆ ಸಾಧ್ಯವಾದದ್ದು ನಮಗೇಕೆ ಆಗದು' ಎಂದುಕೊಂಡು ಊರಿಗೆ ಮರಳಿದರು. ವಿಲ್ಸನ್ ಆಜ್ಞೆಗಳ ಭಾಷೆಯನ್ನು ರಚಿಸಿದರು. ಫರ್ಬರ್ ಅದನ್ನು ಚಿಪ್ಪಿನ ರೂಪಕ್ಕೆ ಇಳಿಸಿದರು. ಆಜ್ಞೆಗಳು ಕೆಲವೇ ಇರಬೇಕು, ಒಂದೊಂದೂ ಸರಳವಾಗಿರಬೇಕು, ಬೇಗ ಮುಗಿಯಬೇಕು ಎಂಬುದು ಅವರು ಹಿಡಿದ ದಾರಿ.

ಹಣದ ಬಿಗಿಯೂ ಅವರಿಗೆ ಗುರುವಾಯಿತು. ಚಿಪ್ಪು ಬಿಸಿಯಾದರೆ ಅದಕ್ಕೆ ದುಬಾರಿಯ ಪಿಂಗಾಣಿಯ ಕವಚ ಬೇಕು. ತಣ್ಣಗಿದ್ದರೆ ಅಗ್ಗದ ಪ್ಲಾಸ್ಟಿಕ್ಕಿನದು ಸಾಕು. ಆದುದರಿಂದ ವಿದ್ಯುತ್ತನ್ನು ಆದಷ್ಟು ಕಡಮೆ ತಿನ್ನುವಂತೆ ಕಟ್ಟಿದರು. ೧೯೮೫ರ ಏಪ್ರಿಲ್ ೨೬ರಂದು ಮೊದಲ ಚಿಪ್ಪುಗಳು ಬಂದುವು. ಅದೇ ದಿನ ಕೆಲಸ ಮಾಡಿದುವು. ಎಷ್ಟು ವಿದ್ಯುತ್ತು ಹಿಡಿಯುತ್ತದೆಂದು ಅಳೆಯಹೋದರೆ ಮಾಪಕದ ಮುಳ್ಳು ಸೊನ್ನೆಯಲ್ಲಿಯೇ ನಿಂತಿತ್ತಂತೆ! ಪರೀಕ್ಷಿಸಿ ನೋಡಿದಾಗ, ಚಿಪ್ಪಿಗೆ ವಿದ್ಯುತ್ತಿನ ತಂತಿಯೇ ಕೂಡಿರಲಿಲ್ಲ. ಇತರ ತಂತಿಗಳಲ್ಲಿ ಹರಿದುಬರುತ್ತಿದ್ದ ಸಂಕೇತಗಳಿಂದ ಸೋರಿದ ಅಲ್ಪ ವಿದ್ಯುತ್ತಿನಲ್ಲಿಯೇ ಅದು ಲೆಕ್ಕ ಮಾಡುತ್ತ ಕುಳಿತಿತ್ತು. ಬ್ಯಾಟರಿಯಿಂದ ನಡೆಯುವ ಮೊಬೈಲುಗಳಿಗೆ ಮುಂದೆ ಈ ವಂಶವೇ ಏಕೆ ಒಗ್ಗಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅದೇ ಕೇಂಬ್ರಿಜಿನಲ್ಲಿ, ಎರಡು ದಶಕಗಳ ತರುವಾಯ, ಗಣಕಶಾಸ್ತ್ರವನ್ನು ಓದಲು ಬರುವ ಹುಡುಗರ ಸಂಖ್ಯೆಯೂ ಅವರ ಕೈಚಳಕವೂ ಇಳಿಯುತ್ತಿರುವುದನ್ನು ಕಂಡು ಎಬೆನ್ ಅಪ್ಟನ್ ಮೊದಲಾದವರು ಒಂದು ಧರ್ಮಸಂಸ್ಥೆಯನ್ನು ಕಟ್ಟಿ, ಮಕ್ಕಳು ಹೆದರದೆ ಬಿಚ್ಚಿ ಜೋಡಿಸಬಹುದಾದ ಅಗ್ಗದ ಹಲಗೆಯೊಂದನ್ನು ಯೋಚಿಸಿದರು. ೨೦೧೨ರ ಫೆಬ್ರವರಿ ೨೯ರಂದು ಹೊರಬಂದ ಅದರ ಬೆಲೆ ೩೫ ಡಾಲರ್. ಆ ಮೊದಲ ಹಲಗೆ ಮೇಜುಗಣಕವಾಗಿ ದುಡಿಯುವಷ್ಟು ಬಲವುಳ್ಳದ್ದಾಗಿರಲಿಲ್ಲ. ೨೦೧೯ರಲ್ಲಿ ಬಂದ ನಾಲ್ಕನೆಯ ತಲೆಮಾರಿನದು ಆ ಹೊಣೆಯನ್ನು ಹೊರಬಲ್ಲುದಾಯಿತು. ೨೦೨೩ರ ಅಕ್ಟೋಬರಿನಲ್ಲಿ ಬಂದ ಐದನೆಯದು ೨.೪ ಗಿಗಾಹರ್ಟ್ಸ್ ವೇಗದ ನಾಲ್ಕು ಕೋರುಗಳಿಂದ ಅದನ್ನು ಸಲೀಸಾಗಿ ಹೊರುತ್ತದೆ. ಐದನೆಯದರ ಬೆಲೆ ಹೊರಬಂದಾಗ ೪ ಜಿಬಿ ನೆನಪಿಗೆ ೬೦ ಡಾಲರ್, ೮ ಜಿಬಿಗೆ ೮೦ ಡಾಲರ್ ಇದ್ದಿತು. ಮೆಮೊರಿ ಚಿಪ್ಪುಗಳು ದುಬಾರಿಯಾದ ಕಾರಣ ೨೦೨೫ರ ಕೊನೆಯಲ್ಲಿ ಏರಿತು. ನಮ್ಮಲ್ಲಿ ತೆರಿಗೆ, ಸಾಗಣೆ, ವ್ಯಾಪಾರಿಯ ಲಾಭ ಸೇರಿ ಇನ್ನಷ್ಟು ಏರುತ್ತದೆ. ಕೊಳ್ಳುವ ದಿನದ ಬೆಲೆಯನ್ನು ಕೊಳ್ಳುವ ದಿನವೇ ಕೇಳಬೇಕು.

ಇಷ್ಟು ಪೀಠಿಕೆಯಾದ ಮೇಲೆ ಮುಖ್ಯವಾದ ಮಾತಿಗೆ ಬರುತ್ತೇನೆ. ಹೊಸ ಭಾಷೆಯ ಪ್ರೊಸೆಸರನ್ನು ಮನೆಗೆ ತರುವ ಮೊದಲು, ಅದರ ವೇಗವೆಷ್ಟು ಎಂದು ಎಲ್ಲರೂ ಕೇಳುತ್ತಾರೆ. ಆ ಪ್ರಶ್ನೆಯನ್ನು ಆಮೇಲೆ ಇಟ್ಟುಕೊಳ್ಳಿ. ನೀವು ದಿನವೂ ಬಳಸುವ ತಂತ್ರಾಂಶಗಳು ಆ ಭಾಷೆಗೆ ಬಂದಿವೆಯೆ ಎಂಬುದನ್ನು ಮೊದಲು ಕೇಳಿರಿ.

ತಂತ್ರಾಂಶವನ್ನು ಬರೆಯುವವರು ಪ್ರೊಸೆಸರಿನ ಭಾಷೆಯಲ್ಲಿ ನೇರವಾಗಿ ಬರೆಯುವುದು ಅಪರೂಪ. ಮನುಷ್ಯರಿಗೆ ಓದಲು ಬರುವ ಒಂದು ಸಂಕೇತಭಾಷೆಯಲ್ಲಿ ಬರೆದು, ಬಳಿಕ ಅದನ್ನು ಯಂತ್ರದಿಂದಲೇ ಪ್ರೊಸೆಸರಿನ ಭಾಷೆಗೆ ಅನುವಾದಿಸುತ್ತಾರೆ. ಮೊದಲಿನದು ಮೂಲ, ಎರಡನೆಯದು ಅನುವಾದ. ಅಂಗಡಿಯಲ್ಲಿ ನಮಗೆ ಸಿಗುವುದು ಸಾಮಾನ್ಯವಾಗಿ ಅನುವಾದ ಮಾತ್ರ. ಮೂಲವು ಕಂಪನಿಯ ಬೀರುವಿನಲ್ಲಿರುತ್ತದೆ. ಅನುವಾದವು ಎಕ್ಸ್-೮೬ ಭಾಷೆಯಲ್ಲಿದ್ದರೆ, ಆರ್ಮ್ ಭಾಷೆಗೂ ಮಾಡಿಕೊಡಿರೆಂದು ಆ ಕಂಪನಿಯನ್ನೇ ಬೇಡಬೇಕು. ಅವರಿಗೆ ಲಾಭ ಕಾಣದಿದ್ದರೆ ಮಾಡರು. ಮೂಲವನ್ನೇ ಲೋಕಕ್ಕೆ ಬಿಟ್ಟುಕೊಟ್ಟ ತಂತ್ರಾಂಶಗಳ ಸಂಗತಿ ಬೇರೆ. ಅವನ್ನು ಯಾರು ಬೇಕಾದರೂ ಯಾವ ಪ್ರೊಸೆಸರಿನ ಭಾಷೆಗೆ ಬೇಕಾದರೂ ತರಬಹುದು, ತಂದಿದ್ದಾರೆ. ರಾಸ್ಬೆರಿ ಪೈಗೆ ಕೊಡುವ ಕಾರ್ಯವ್ಯವಸ್ಥೆ ಡೆಬಿಯನ್ ಎಂಬ ಬಳಗದ ಕೆಲಸದ ಮೇಲೆ ನಿಂತದ್ದು. ೧೯೯೩ರಿಂದ ನಡೆದುಬಂದಿರುವ ಆ ಬಳಗ ಸಾವಿರಾರು ತಂತ್ರಾಂಶಗಳನ್ನು ಹತ್ತಾರು ಬಗೆಯ ಯಂತ್ರಗಳಿಗೆ ಅನುವಾದಿಸಿ ಇಟ್ಟಿದೆ. ಬರೆಯಲು, ಲೆಕ್ಕಪಟ್ಟಿ ಮಾಡಲು ಲಿಬ್ರೆ ಆಫೀಸು. ಅಂತರಜಾಲಕ್ಕೆ ಫೈರ್‌ಫಾಕ್ಸ್, ಕ್ರೋಮಿಯಂ. ಹಾಡು ಚಿತ್ರಗಳಿಗೆ ವಿಎಲ್‌ಸಿ: ಇವೆಲ್ಲ ಉಂಟು. ಸೇವಾಸಿಂಧುವಿನಂತಹ ಸರಕಾರಿ ತಾಣಗಳು ಬ್ರೌಸರಿನಲ್ಲಿಯೇ ತೆರೆಯುವುದರಿಂದ ಅದಕ್ಕೂ ಅಡ್ಡಿಯಿಲ್ಲ.

ಅಡ್ಡಿ ಬರುವುದೆಲ್ಲಿ? ನಿಮ್ಮದು ಅಂಗಡಿಯಾಗಿದ್ದು, ಲೆಕ್ಕವನ್ನು ನಮ್ಮ ಬೆಂಗಳೂರಿನದೇ ಆದ ಟ್ಯಾಲಿಯಲ್ಲಿ ಇಡುವವರಾದರೆ, ಅದು ವಿಂಡೋಸಿಗೆಂದು ಮಾಡಿದ್ದು. ಈ ಹಲಗೆಯ ಮೇಲೆ ನೇರವಾಗಿ ನಡೆಯದು. ಮಗ ಆಡಬೇಕೆನ್ನುವ ಆಟಗಳಲ್ಲಿ ಬಹುಪಾಲು ನಡೆಯವು. (ಇದನ್ನು ದೋಷದ ಪಟ್ಟಿಗೆ ಸೇರಿಸಬೇಕೋ ಗುಣದ ಪಟ್ಟಿಗೆ ಸೇರಿಸಬೇಕೋ ತಾಯಂದಿರು ನಿರ್ಣಯಿಸಲಿ.) ಡಿಜಿಟಲ್ ಸಹಿಯ ಸಾಧನಗಳೂ ಹಲವು ಬಾರಿ ಮುಷ್ಕರ ಹೂಡುತ್ತವೆ. ವಿಂಡೋಸಿಗೂ ಆರ್ಮ್ ಭಾಷೆಯ ಅವತರಣಿಕೆ ಉಂಟಾದರೂ ಅದನ್ನು ಮೈಕ್ರೋಸಾಫ್ಟಿನವರು ಈ ಹಲಗೆಗೆಂದು ಕೊಡುವುದಿಲ್ಲ.

ಎಕ್ಸ್-೮೬ ತಂತ್ರಾಂಶವನ್ನು ಆರ್ಮ್ ಮೇಲೆ ನಡೆಸುವ ಉಪಾಯವೇ ಇಲ್ಲವೆಂದಲ್ಲ. ನಡುವೆ ಒಬ್ಬ ದುಭಾಷಿಯನ್ನು ಕೂರಿಸಬಹುದು. ಒಂದೊಂದು ಆಜ್ಞೆಯನ್ನೂ ಓದಿ, ಈಚೆಗೆ ತಿರುಗಿ, ತಿಳಿಯುವ ಮಾತಿನಲ್ಲಿ ಹೇಳುವ ತಂತ್ರಾಂಶಗಳಿವೆ. ಆದರೆ ದುಭಾಷಿಯ ಮೂಲಕ ನಡೆಯುವ ವ್ಯವಹಾರ ಎಷ್ಟು ನಿಧಾನವೆಂಬುದನ್ನು ಭಾಷೆ ಬಾರದ ಊರಿನಲ್ಲಿ ತರಕಾರಿ ಕೊಂಡವರೆಲ್ಲರೂ ಬಲ್ಲರು. ಚಿಕ್ಕಪುಟ್ಟ ಕೆಲಸಕ್ಕೆ ಸಾಕು. ನಿತ್ಯದ ಸಂಸಾರ ಅದರಿಂದ ನಡೆಯದು.

ಮುದ್ರಣಯಂತ್ರ, ಅಂದರೆ ಪ್ರಿಂಟರು, ಇದರ ವಿಷಯದಲ್ಲಿ ಎಚ್ಚರಿಕೆ ಹೆಚ್ಚು ಬೇಕು. ಪ್ರಿಂಟರಿಗೂ ಗಣಕಕ್ಕೂ ನಡುವೆ ಡ್ರೈವರು ಎಂಬ ತಂತ್ರಾಂಶವೊಂದಿರುತ್ತದೆ. ಅಗ್ಗದ ಲೇಸರು ಪ್ರಿಂಟರುಗಳಲ್ಲಿ ಕೆಲವಕ್ಕೆ ಅದನ್ನು ತಯಾರಕರು ಎಕ್ಸ್-೮೬ ಭಾಷೆಯಲ್ಲಿ ಮಾತ್ರ ಕೊಟ್ಟಿದ್ದಾರೆ. ಹೀಗಾಗಿ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಪ್ರಿಂಟರು ಹೊಸ ಗಣಕದ ಮುಂದೆ ಮೂಕವಾಗುವುದುಂಟು. ಡ್ರೈವರಿನ ಗೊಡವೆಯಿಲ್ಲದೆ ವೈಫೈ ಮೂಲಕ ಮೊಬೈಲಿನಿಂದಲೇ ಅಚ್ಚು ಮಾಡುವ ಹೊಸ ಬಗೆಯ ಪ್ರಿಂಟರುಗಳಾದರೆ ಸಾಮಾನ್ಯವಾಗಿ ತೊಂದರೆ ಕೊಡವು. ನಿಮ್ಮ ಪ್ರಿಂಟರಿನ ಮಾದರಿಯ ಹೆಸರನ್ನು ಬರೆದುಕೊಂಡು ಹೋಗಿ, ಇದು ಆರ್ಮ್ ಲಿನಕ್ಸಿನಲ್ಲಿ ನಡೆಯುತ್ತದೆಯೆ ಎಂದು ವಿಚಾರಿಸಿದ ಮೇಲೆಯೇ ಹಣ ಕೊಡಿರಿ.

ಇನ್ನು ನನ್ನ ಕ್ಷೇತ್ರ. ಈ ಅಪರಿಚಿತ ಯಂತ್ರದಲ್ಲಿ ಕನ್ನಡ ಬರುತ್ತದೆಯೆ? ಬರುತ್ತದೆ, ಮತ್ತು ಚೆನ್ನಾಗಿಯೇ ಬರುತ್ತದೆ. ಆದರೆ ಹಳೆಯ ಕನ್ನಡ ಕಡತಗಳು ಬರುತ್ತವೆಯೆ ಎಂದು ಕೇಳಿದರೆ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಮ್ಮ ಶಾಲೆ, ಕಚೇರಿ, ಅಚ್ಚುಕೂಟಗಳಲ್ಲಿ ಬಹುಕಾಲ ನಡೆದ ಪದ್ಧತಿಯೊಂದಿದೆ. ಕನ್ನಡ ಗಣಕ ಪರಿಷತ್ತಿನವರ ನುಡಿ, ಮತ್ತು ಬರಹ, ಇವೆರಡೂ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು; ಆದರೆ ಇವೆರಡೂ ವಿಂಡೋಸಿಗೆಂದು ಆದುವು, ಆದಿಯ ದಿನಗಳಲ್ಲಿ ಇವುಗಳಲ್ಲಿ ಮಾಡಿದ ಕಡತಗಳಲ್ಲಿ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆ ಇರಲಿಲ್ಲ. ಇಂಗ್ಲಿಷ್ ಮೊದಲಾದ ಐರೋಪ್ಯ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟಿದ್ದರು. ನುಡಿಯ ಹಳೆಯ ಅಕ್ಷರಮಾದರಿಯಲ್ಲಿ 'ಕನ್ನಡ' ಎಂದು ಹೊಡೆದ ಪದವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಮೊದಲು ಇಂಗ್ಲಿಷಿನ ಪಿ ಅಕ್ಷರ, ಅದರ ಬಳಿ ತಲೆಯ ಮೇಲೆ ಓರೆಗೀಟುಳ್ಳ ಎ ಅಕ್ಷರ, ಆಮೇಲೆ ಪೌಂಡು ನಾಣ್ಯದ ಗುರುತು, ಹೀಗೆ ಕಾಣುತ್ತದೆ. ಓದುವವರಿಗೆ ಮಂತ್ರವಾದಿಯ ಯಂತ್ರ ಕಂಡಂತಾಗುತ್ತದೆ. ಇಪ್ಪತ್ತು ವರ್ಷಗಳ ಪ್ರಶ್ನೆಪತ್ರಿಕೆಗಳು, ವ್ಯಾಕರಣದ ಟಿಪ್ಪಣಿಗಳು, ಊರಿನ ದೇವಸ್ಥಾನದ ಶಾಸನದ ಪಾಠ, ಎಷ್ಟೋ ಉಪಾಧ್ಯಾಯರ ಜೀವಮಾನದ ಬರವಣಿಗೆ ಇಂದಿಗೂ ಇದೇ ರೂಪದಲ್ಲಿ ಕುಳಿತಿದೆ. ನನ್ನದೂ ಇದ್ದಿತು.

ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ಸ್ವಂತ ನಿವೇಶನವುಂಟು. ಅದು ೩೨೦೦ನೆಯ ಸಂಖ್ಯೆಯಿಂದ ಪ್ರಾರಂಭವಾಗುತ್ತದೆ. ಕಕಾರಕ್ಕೆ ೩೨೨೧, ನಕಾರಕ್ಕೆ ೩೨೪೦, ಡಕಾರಕ್ಕೆ ೩೨೩೩. 'ಕನ್ನಡ' ಎಂಬ ಪದವನ್ನು ಯಂತ್ರ ೩೨೨೧, ೩೨೪೦, ೩೨೭೭, ೩೨೪೦, ೩೨೩೩ ಎಂದು ಐದು ಸಂಖ್ಯೆಗಳಾಗಿ ನೆನಪಿಟ್ಟುಕೊಳ್ಳುತ್ತದೆ. ನಡುವಿನ ೩೨೭೭ ಯಾವುದೆಂದಿರಾ? ನಕಾರದೊಳಗಿನ ಅಕಾರವನ್ನು ತೆಗೆದುಹಾಕುವ ಚಿಹ್ನೆ. ನಕಾರ, ಅದರ ಸ್ವರಲೋಪ, ಮತ್ತೊಂದು ನಕಾರ, ಅಲ್ಲಿಗೆ ಒತ್ತಕ್ಷರ ಸಿದ್ಧ. ಎಂಟನೆಯ ತರಗತಿಯಲ್ಲಿ ಸಂಯುಕ್ತಾಕ್ಷರವನ್ನು ಬಿಡಿಸಿ ಬರೆಯಿರೆಂದು ನಾವು ಕಲಿಸುವ ಕ್ರಮವೇ ಇದು! ಇದನ್ನು ಮೊದಲು ತಿಳಿದ ದಿನ ನನಗಾದ ಸಂತೋಷವನ್ನು ವ್ಯಾಕರಣ ಕಲಿಸುವವರು ಊಹಿಸಬಲ್ಲರು. ಈ ಸಂಖ್ಯೆಗಳಿಗೆ ಪ್ರೊಸೆಸರಿನ ವಂಶದ ಹಂಗಿಲ್ಲ. ಇಂಟೆಲಿನಲ್ಲಿ ಬರೆದದ್ದನ್ನು ಆರ್ಮ್ ಓದುತ್ತದೆ, ಮೊಬೈಲಿನಲ್ಲಿ ಬರೆದದ್ದನ್ನು ಮೇಜುಗಣಕ ಓದುತ್ತದೆ.

ಆದುದರಿಂದ ನಿಮ್ಮಲ್ಲಿ ಹಳೆಯ ಕಡತಗಳಿದ್ದರೆ, ಹಳೆಯ ಗಣಕವನ್ನು ಗುಜರಿಗೆ ಹಾಕುವ ಮೊದಲು ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿರಿ. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒಂದೆರಡು ಪುಟಗಳನ್ನಾದರೂ ಕಣ್ಣಿಟ್ಟು ಓದಬೇಕು. ಅರ್ಕಾವೊತ್ತು ಬರುವ ಕಡೆ ತಪ್ಪುಗಳು ನುಸುಳುವುದುಂಟು. ಹೊಸ ಯಂತ್ರದಲ್ಲಿ ಬರೆಯುವುದಕ್ಕೆ, ಕೆ. ಪಿ. ರಾವ್ ಅವರ ಆಲೋಚನೆಯಿಂದ ಬಂದ, ನುಡಿಯಿಂದ ನಮಗೆಲ್ಲ ಕೈಗೆ ಕೂತಿರುವ ಕೀಲಿಮಣೆಯ ವಿನ್ಯಾಸವೇ ದೊರೆಯುತ್ತದೆ. ಹೊಸದಾಗಿ ಬೆರಳು ಪಳಗಿಸಬೇಕಾಗಿಲ್ಲ. ಗುಬ್ಬಿ, ನವಿಲು, ಲೋಹಿತ್ ಎಂಬ ಅಕ್ಷರಮಾದರಿಗಳನ್ನು ಡೆಬಿಯನ್ನಿನ ಭಂಡಾರದಿಂದ ಇಳಿಸಿಕೊಳ್ಳಬಹುದು. ಯಾರಾದರೂ ಇಂತಹ ಯಂತ್ರವನ್ನು ಮಾರಲು ಬಂದರೆ 'ಸ್ತ್ರೀ', 'ರಾಷ್ಟ್ರ', 'ಕೀರ್ತಿ', 'ಜ್ಞಾನ' ಎಂಬ ನಾಲ್ಕು ಪದಗಳನ್ನು ಹೊಡೆದು ತೋರಿಸೆನ್ನಿ. ಅವು ಸರಿಯಾಗಿ ಮೂಡಿದರೆ ಉಳಿದ ಕನ್ನಡವೂ ಸರಿಯಾಗಿ ಮೂಡುತ್ತದೆ.

ಜೋಡಣೆಯ ಕೆಲಸ ಇಷ್ಟು ಮಾತಿಗೂ ತಕ್ಕುದಲ್ಲ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಬೆಸುಗೆಯ ಕಡ್ಡಿ ಬೇಕಾಗಿಲ್ಲ. ಹಲಗೆಯನ್ನು ಅಂಚಿನಲ್ಲಿ ಹಿಡಿಯಬೇಕು. ಐದನೆಯ ತಲೆಮಾರಿನದಕ್ಕೆ ಶಾಖ ಹೀರುವ ಲೋಹದ ಪಟ್ಟಿ ಮತ್ತು ಪುಟ್ಟ ಬೀಸಣಿಗೆ ಇರುವ ಕೂಲರನ್ನು ಮೊದಲೇ ಕೂರಿಸಿಬಿಡಿ. ನಮ್ಮ ಬೇಸಗೆಯಲ್ಲಿ, ಅದರಲ್ಲಿಯೂ ಬಳ್ಳಾರಿ ರಾಯಚೂರುಗಳ ಬೇಸಗೆಯಲ್ಲಿ, ಅದಿಲ್ಲದಿದ್ದರೆ ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಕೂರುತ್ತದೆ. ಟೀವಿಗೆ ಕೂಡಿಸುವ ತಂತಿಯ ಒಂದು ತುದಿ ಮೈಕ್ರೋ ಎಚ್‌ಡಿಎಂಐ ಆಗಿರಬೇಕು. ಮನೆಯಲ್ಲಿರುವ ಸಾಮಾನ್ಯ ತಂತಿ ಹಿಡಿಸದು. ಕಿವಿಗೆ ಹಾಕುವ ಗುಂಡುಪಿನ್ನಿಗೆ ಇದರಲ್ಲಿ ಸ್ಥಳವಿಲ್ಲ, ಧ್ವನಿ ಟೀವಿಯ ಮೂಲಕ ಬರುತ್ತದೆ. ಕಾರ್ಯವ್ಯವಸ್ಥೆಯನ್ನು ಮೈಕ್ರೋ ಎಸ್‌ಡಿ ಕಾರ್ಡಿಗೆ ಬರೆಯುವುದಕ್ಕೆ ನೆರೆಮನೆಯವರ ಗಣಕವನ್ನು ಹದಿನೈದು ನಿಮಿಷ ಕೇಳಿಕೊಳ್ಳಿ.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಲು ಹೋಗಬೇಡಿ. ಇದಕ್ಕೆ ೫ ವೋಲ್ಟಿನಲ್ಲಿ ೫ ಆಂಪಿಯರ್ ಕೊಡುವ ಅಡಾಪ್ಟರು ಬೇಕು. ತೂತು ಒಂದೇ ಬಗೆಯದಾದುದರಿಂದ ಮೊಬೈಲಿನ ಚಾರ್ಜರನ್ನೇ ಸಿಕ್ಕಿಸುವ ಮನಸ್ಸಾಗುತ್ತದೆ. ಯಂತ್ರ ಎದ್ದು ಕೂರಲೂಬಹುದು. ಆದರೆ ಯುಎಸ್‌ಬಿಗೆ ತಗುಲಿಸಿದ ಡಿಸ್ಕಿಗೆ ಬೇಕಾದಷ್ಟು ವಿದ್ಯುತ್ತನ್ನು ಕೊಡಲು ಒಪ್ಪದೆ, ವೋಲ್ಟೇಜು ಸಾಲದೆಂದು ಎಚ್ಚರಿಕೆಯನ್ನು ತೋರಿಸುತ್ತಿರುತ್ತದೆ. ನಮ್ಮ ಪಟ್ಟಣಗಳ ಇನ್ನೊಂದು ಕಷ್ಟ, ಹೇಳದೆ ಕೇಳದೆ ಹೋಗುವ ಕರೆಂಟು. ಕಾರ್ಡಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡಿನ ಬರವಣಿಗೆ ಕಲಸಿಹೋಗಿ ಯಂತ್ರ ಏಳದಿರಬಹುದು. ಸಮಾಧಾನವೆಂದರೆ ಮನೆಯ ಇನ್ವರ್ಟರಿಗೆ ಇದೊಂದು ಹೊರೆಯೇ ಅಲ್ಲ. ಹಲಗೆ ಸಾಧಾರಣ ದುಡಿಮೆಯಲ್ಲಿ ೮ ವ್ಯಾಟ್ ತಿಂದಿತೆಂದು ಇಟ್ಟುಕೊಂಡರೂ, ದಿನಕ್ಕೆ ೬ ಗಂಟೆಯಂತೆ ತಿಂಗಳಿಗೆ ಒಂದೂವರೆ ಯೂನಿಟ್ಟಿನೊಳಗೇ ಮುಗಿಯಿತು. ೬೦ ವ್ಯಾಟಿನ ಹಳೆಯ ಮೇಜುಗಣಕವೊಂದು ಅದೇ ಅವಧಿಗೆ ಹತ್ತು ಯೂನಿಟ್ಟಿಗೂ ಮೇಲೆ ನುಂಗುತ್ತದೆ. ಪರದೆಯ ಖರ್ಚು ಎರಡಕ್ಕೂ ಬೇರೆ.

ಲೆಕ್ಕವನ್ನು ಈಗ ಕೂಡೋಣ. ಹಲಗೆ, ಅಡಾಪ್ಟರು, ಕೂಲರು, ಪೆಟ್ಟಿಗೆ, ಕಾರ್ಡು, ತಂತಿ, ಕೀಬೋರ್ಡು, ಮೌಸು. ಇಸ್ಪೀಟಿನ ಎಲೆಯ ಬೆಲೆಯನ್ನು ಕೇಳಿ ಹೊರಟವರು ಮನೆಗೆ ಬರುವಷ್ಟರಲ್ಲಿ ಅದರ ಒಂದೂವರೆ ಎರಡು ಪಾಲು ತೆತ್ತಿರುತ್ತಾರೆ. ಪರದೆಯನ್ನೂ ಕೊಳ್ಳಬೇಕಾಗಿ ಬಂದರೆ ಅಗ್ಗವೆಂಬ ಮಾತೇ ಬಿದ್ದುಹೋಗುತ್ತದೆ. ಟೀವಿಯ ಮುಂದೆ ಒಂದು ಮೊಳ ದೂರದಲ್ಲಿ ಕುಳಿತು ಸಣ್ಣ ಅಕ್ಷರವನ್ನು ಓದುವುದು ಕಣ್ಣಿಗೆ ಹಿತವೂ ಅಲ್ಲ. ಅದಕ್ಕಿಂತ ಬಳಸಿದ ಹತ್ತೊಂಬತ್ತು ಅಂಗುಲದ ಮಾನಿಟರು ಲೇಸು. ದೊಡ್ಡ ಕಚೇರಿಗಳು ಮಾರಿಬಿಟ್ಟ, ಪೇಟೆಯಲ್ಲಿ ದುರಸ್ತಿ ಮಾಡಿ ಮಾರುವ ಇಂಟೆಲ್ ಗಣಕಗಳು ಹೆಚ್ಚುಕಡಮೆ ಇದೇ ಹಣಕ್ಕೆ ಸಿಗುತ್ತವೆಂಬುದನ್ನೂ ನಾನು ಮುಚ್ಚಿಡಲಾರೆ. ಟ್ಯಾಲಿ ಬೇಕಾದವರು, ಹಳೆಯ ಪ್ರಿಂಟರನ್ನು ಬಿಡಲಾರದವರು ಕಣ್ಣುಮುಚ್ಚಿ ಅದನ್ನೇ ತರುವುದು ಮೇಲು. ಓದು, ಬರಹ, ಅಂತರಜಾಲ ಇಷ್ಟೇ ಸಾಕು, ಕರೆಂಟಿನ ಕಾಟ ಹೆಚ್ಚು, ಜೊತೆಗೆ ಮನೆಯಲ್ಲಿ ಬಿಚ್ಚಿ ನೋಡುವ ಕುತೂಹಲದ ಮಗುವೊಂದಿದೆ ಎನ್ನುವವರಿಗೆ ಈ ಹಲಗೆಯಷ್ಟು ಒಳ್ಳೆಯ ಗುರು ಸಿಗುವುದು ಕಷ್ಟ. ಅದರ ಅಂಚಿನಲ್ಲಿರುವ ನಲವತ್ತು ಪಿನ್ನುಗಳಿಗೆ ದೀಪ, ಗಂಟೆ, ಉಷ್ಣಮಾಪಕಗಳನ್ನು ಕೂಡಿಸಿ ಮಕ್ಕಳು ಆಡಬಹುದು. ಇಂಟೆಲ್ ಪೆಟ್ಟಿಗೆ ಆ ಸಲಿಗೆಯನ್ನು ಕೊಡುವುದಿಲ್ಲ.

ಆರ್ಮ್‌ಗಿಂತಲೂ ಅಪರಿಚಿತವಾದ ಮೂರನೆಯ ವಂಶವೊಂದು ಬೆಳೆಯುತ್ತಿದೆಯೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ರಿಸ್ಕ್-ಫೈವ್ ಎಂಬ ಅದರ ಭಾಷೆ ಅಮೆರಿಕದ ಬರ್ಕ್‌ಲಿ ವಿದ್ಯಾಪೀಠದಲ್ಲಿ ೨೦೧೦ರಲ್ಲಿ ಹುಟ್ಟಿತು. ಆರ್ಮ್ ಭಾಷೆಯಲ್ಲಿ ಚಿಪ್ಪು ಮಾಡುವವರು ಆ ಕಂಪನಿಗೆ ಕಾಣಿಕೆ ಸಲ್ಲಿಸಬೇಕು. ರಿಸ್ಕ್-ಫೈವ್ ವ್ಯಾಕರಣವನ್ನು ಯಾರು ಬೇಕಾದರೂ ಕಾಣಿಕೆಯಿಲ್ಲದೆ ಬಳಸಬಹುದು. ಮದರಾಸಿನ ಐಐಟಿಯ ಶಕ್ತಿ, ಸಿ-ಡ್ಯಾಕ್‌ನವರ ವೇಗ ಎಂಬ ನಮ್ಮ ದೇಶದ ಪ್ರೊಸೆಸರುಗಳು ಈ ಭಾಷೆಯವೇ. ಡೆಬಿಯನ್ ಬಳಗ ೨೦೨೫ರ ಆಗಸ್ಟಿನಲ್ಲಿ ತನ್ನ ಹದಿಮೂರನ���ಯ ಆವೃತ್ತಿಯಲ್ಲಿ ಈ ವಂಶಕ್ಕೂ ಪಂಕ್ತಿಯಲ್ಲಿ ಎಲೆ ಹಾಕಿತು. ಆದರೆ ೨೦೨೨ರಲ್ಲಿ ಬಂದ ವಿಷನ್‌ಫೈವ್ ೨ರಂತಹ ಹಲಗೆಗಳು ರಾಸ್ಬೆರಿ ಪೈ ನಾಲ್ಕಕ್ಕಿಂತಲೂ ನಿಧಾನ. ಕಾಲೇಜಿನ ವಿದ್ಯಾರ್ಥಿಗಳು ತಂದು ಪ್ರಯೋಗ ಮಾಡಲಿ; ಮನೆಯ ಒಂದೇ ಗಣಕವೆಂದು ಅದನ್ನು ನಂಬಿ ಹಣ ಹಾಕುವ ಕಾಲ ಬಂದಂತೆ ನನಗೆ ತೋರುವುದಿಲ್ಲ.

ಕೊಳ್ಳಲು ಹೊರಡುವ ಮೊದಲು ಒಂದು ವಾರ ಕಾಗದದ ಮೇಲೆ ಬರೆದಿಡಿ: ಮನೆಯಲ್ಲಿ ಯಾರು ಯಾರು ಗಣಕದಿಂದ ಯಾವ ಯಾವ ಕೆಲಸ ಮಾಡಿಸುತ್ತಾರೆ, ಯಾವ ತಂತ್ರಾಂಶದಲ್ಲಿ. ಆ ಪಟ್ಟಿಯನ್ನು ಹಿಡಿದು, ಇವುಗಳಲ್ಲಿ ಆರ್ಮ್‌ಗೆ ಯಾವುದು ಇಲ್ಲವೆಂದು ಒಂದೊಂದಾಗಿ ಕೇಳಿರಿ. ತಂದು ಜೋಡಿಸಿದ ಮೇಲೆ, ಎಲ್ಲವೂ ಸರಿಯಾಗಿ ನಡೆಯತೊಡಗಿದ ದಿನವೇ ಕಾರ್ಡಿನ ಪೂರ್ತಿ ನಕಲೊಂದನ್ನು ಇನ್ನೊಂದು ಕಾರ್ಡಿಗೆ ತೆಗೆದು, ಹೆಸರು ಬರೆದು, ಬೀರುವಿನಲ್ಲಿಡಿ. ಐದನೆಯ ತಲೆಮಾರಿನ ಹಲಗೆಯಲ್ಲಿ ಗಡಿಯಾರಕ್ಕೆಂದು ಪುಟ್ಟ ಬ್ಯಾಟರಿ ಕೂಡಿಸುವ ಕೊಂಡಿಯೊಂದಿದೆ; ಬ್ಯಾಟರಿಯನ್ನು ಬೇರೆಯಾಗಿ ಕೊಳ್ಳಬೇಕು. ಅದನ್ನು ಹಾಕದೆ ಬಿಟ್ಟರೆ, ಅಂತರಜಾಲವಿಲ್ಲದ ಹೊತ್ತಿನಲ್ಲಿ ಕರೆಂಟು ಹೋಗಿ ಬಂದಾಗ ಯಂತ್ರ ತಾರೀಖನ್ನೇ ಮರೆತು ಏಳುತ್ತದೆ, ಮತ್ತು ಆ ದಿನ ಮಕ್ಕಳು ಉಳಿಸಿದ ಕಡತಗಳ ಮೇಲೆಲ್ಲ ತಪ್ಪು ದಿನಾಂಕ ಬೀಳುತ್ತದೆ.